ಮೂರು ಮೊಮ್ಮಕ್ಕಳಿಗೆ ಮೂರು ಅಳತೆಯ ಇಟ್ಟಿಗೆ

ಹಾಸನದ ಅಜ್ಜನೊಬ್ಬರು ಯುಗಾದಿಗೆ ಮುಂಚೆ ಆಟಿಕೆ ಅಂಗಡಿಗೆ ಹೋಗಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ಮೂವರು ಹೆಣ್ಣುಮಕ್ಕಳನ್ನು ಕೊಟ್ಟಿರುವುದು ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಕ್ಕೆ. ಮೂರು ಮನೆಯಲ್ಲೂ ಒಂದೊಂದು ಮಗು. ಹಬ್ಬಕ್ಕೆ ಎಲ್ಲರೂ ಬರುವವರೇ. ಮಕ್ಕಳಿಗೆ ಜೋಡಿಸಿ ಆಡುವ ಇಟ್ಟಿಗೆ, ಅಂದರೆ ಬಿಲ್ಡಿಂಗ್ ಬ್ಲಾಕ್ಸ್ ಕೊಡಿಸಬೇಕೆಂದು ಅಜ್ಜನ ಆಸೆ. "ಮೂರು ಡಬ್ಬಾನೂ ಒಂದೇ ತರದ್ದು ಕೊಡಪ್ಪ, ಇಲ್ದಿದ್ರೆ ಜಗಳ ಆಡ್ತವೆ" ಎನ್ನುತ್ತಾರೆ. ಅಂಗಡಿಯವನು ತಿಳಿದವನಾದರೆ ತಿರುಗಿ ಕೇಳುವ ಪ್ರಶ್ನೆ ಒಂದೇ: "ಮಕ್ಕಳ ವಯಸ್ಸೆಷ್ಟು, ಯಜಮಾನ್ರೇ?"

ಹೊಳೆನರಸೀಪುರದ ಕೂಸಿಗೆ ಒಂದೂವರೆ ವರ್ಷ, ಅರಕಲಗೂಡಿನ ಹುಡುಗಿಗೆ ನಾಲ್ಕು, ಚನ್ನರಾಯಪಟ್ಟಣದ ಹುಡುಗನಿಗೆ ಎಂಟು. ಹಬ್ಬದ ಬಟ್ಟೆಯನ್ನು ಮೂವರಿಗೂ ಒಂದೇ ಅಳತೆಯಲ್ಲಿ ಯಾರೂ ಹೊಲಿಸುವುದಿಲ್ಲ. ಆಟಿಕೆಯ ಮಾತು ಬಂದಾಗ ಮಾತ್ರ ನಾವು ಅಳತೆಯನ್ನು ಮರೆಯುತ್ತೇವೆ.

ಎಲ್ಲವೂ ಬಾಯಿಗೆ

ಒಂದೂವರೆ ವರ್ಷದ ಮಗು ಲೋಕವನ್ನು ಪರೀಕ್ಷಿಸುವುದು ಬಾಯಿಂದ. ಕೈಗೆ ಸಿಕ್ಕಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಅದಕ್ಕೆ ಬೇಕಾದದ್ದು ಅಂಗೈ ತುಂಬುವಷ್ಟು ದೊಡ್ಡದಾದ, ಹಗುರವಾದ, ಮೂಲೆಗಳು ನುಣುಪಾಗಿರುವ ಕೆಲವೇ ಬ್ಲಾಕ್‌ಗಳು. ಈ ವಯಸ್ಸಿನ ಮಗು ಮೂರೋ ನಾಲ್ಕೋ ಬ್ಲಾಕ್‌ಗಳನ್ನು ಒಂದರ ಮೇಲೊಂದು ಇಡಬಲ್ಲದು. ಎರಡು ವರ್ಷಕ್ಕೆ ಸುಮಾರು ಆರು. ಮಗುವಿನ ಬೆಳವಣಿಗೆಯನ್ನು ನೋಡುವಾಗ ಮಕ್ಕಳ ವೈದ್ಯರು ಗಮನಿಸುವ ಅಂಶಗಳಲ್ಲಿ ಇದೂ ಒಂದು. ಕಟ್ಟಿದ್ದನ್ನು ಮರುಗಳಿಗೆಯೇ ಬೀಳಿಸಿ ನಗುವುದೂ ಕಲಿಕೆಯೇ. ಬೀಳುವ ವಸ್ತು ಕೆಳಕ್ಕೇ ಬೀಳುತ್ತದೆ ಎಂಬ ಪಾಠ ಅಲ್ಲಿಂದ ಶುರುವಾಗುತ್ತದೆ.

ಮರದ್ದೇ ಬೇಕೆಂದರೆ ಬೆಂಗಳೂರು-ಮೈಸೂರು ರಸ್ತೆಯ ಚನ್ನಪಟ್ಟಣ ನಮಗೆ ದೂರವೇನಲ್ಲ. (ನಮ್ಮ ಚನ್ನರಾಯಪಟ್ಟಣದೊಡನೆ ಹೆಸರು ಕಲಸಿಕೊಳ್ಳುವವರು ಇಂದಿಗೂ ಇದ್ದಾರೆ!) ಅಲ್ಲಿ ಹಗುರವಾದ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುತ್ತಾರೆ. ಊರಿನ ಬಡಗಿಯ ಬಳಿ ಉಳಿದ ತುಂಡುಗಳೂ ಆದೀತು. ಸಿಬಿರು ಏಳದಂತೆ ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿಸಬೇಕು. ಬಾಗಿಲಿಗೆ ಬಳಿಯುವ ಬಣ್ಣ ಮಾತ್ರ ಬೇಡ. ಅದರಲ್ಲಿ ಸೀಸ ಇರಬಹುದು.

ಸಂದಿನ ಮೇಲೆ ಸಂದು

ನಾಲ್ಕು ವರ್ಷದ ಹುಡುಗಿಯ ಬೆರಳಿಗೆ ಬಲ ಬಂದಿದೆ, ಮನಸ್ಸಿಗೆ ಕಥೆ ಬಂದಿದೆ. ಅವಳು ಕಟ್ಟುವುದು ಬರೀ ಗೋಪುರವಲ್ಲ. ಅದು ಅಜ್ಜಿಯ ಮನೆ, ಬಸ್ ಸ್ಟ್ಯಾಂಡು, ಹಸುವಿನ ಕೊಟ್ಟಿಗೆ. ಒತ್ತಿದರೆ ಕೂಡುವ, ಎಳೆದರೆ ಬಿಡುವ ದಪ್ಪ ಪ್ಲಾಸ್ಟಿಕ್ ಇಟ್ಟಿಗೆ ಇವಳಿಗೆ ಸರಿ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡತೊಡಗಿದರು. ಆ ಲೆಗೋ ಕಂಪನಿಯ ಇಂದಿನ ರೂಪದ ಇಟ್ಟಿಗೆ ಬಂದದ್ದು 1958ರಲ್ಲಿ. ಚಿಕ್ಕ ಮಕ್ಕಳಿಗೆಂದು ಅದೇ ಕಂಪನಿ 1969ರಲ್ಲಿ ಡ್ಯೂಪ್ಲೋ ತಂದಿತು. ಉದ್ದ, ಅಗಲ, ಎತ್ತರ ಮೂರೂ ಇಮ್ಮಡಿ. ಹಾಗಾದರೆ ಗಾತ್ರ ಎಷ್ಟು ಪಟ್ಟು? ಎರಡು ಪಟ್ಟಲ್ಲ, ಎಂಟು ಪಟ್ಟು!

ಇವಳ ಗೋಡೆ ಮೊದಮೊದಲು ಉದುರುತ್ತದೆ. ಓಡಿಹೋಗಿ ಸರಿಮಾಡಬೇಡಿ. ಬೀದಿಯಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಕರೆದೊಯ್ದು ತೋರಿಸಿ. ಸಂದಿನ ಮೇಲೆ ಸಂದು ಬಾರದಂತೆ ಮೇಸ್ತ್ರಿ ಇಟ್ಟಿಗೆ ಇಡುವುದನ್ನು ನೋಡಿದ ಮಗು ಮನೆಗೆ ಬಂದು ತಾನೂ ಹಾಗೆಯೇ ಇಡುತ್ತದೆ.

ಇಪ್ಪತ್ನಾಲ್ಕು ಬಗೆ

ಎಂಟರ ಹುಡುಗನಿಗೆ ಸಣ್ಣ ಇಟ್ಟಿಗೆಯೇ ಬೇಕು. ದೊಡ್ಡದು ಕೊಟ್ಟರೆ "ಇದು ಪಾಪುದು" ಎಂದು ಮೂಲೆಗೆ ಎಸೆದಾನು. ಒಂದೇ ಕಾರು, ಒಂದೇ ವಿಮಾನ ಮಾಡಲು ಬರುವ ದುಬಾರಿ ಡಬ್ಬಕ್ಕಿಂತ ಸಾದಾ ಇಟ್ಟಿಗೆಗಳು ಹೆಚ್ಚಾಗಿರುವ ಡಬ್ಬ ಮೇಲು. ಕಾರಣ ಲೆಕ್ಕದಲ್ಲೇ ಇದೆ. ಎಂಟು ಗುಬುಟಿನ, ಒಂದೇ ಬಣ್ಣದ ಎರಡು ಲೆಗೋ ಇಟ್ಟಿಗೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು. ಮೂರಾದರೆ 1,060 ಬಗೆ. ಆರಾದರೆ 91,51,03,765! ವಿದ್ಯಾರ್ಥಿಗಳು ಮೊದಲ 24ನ್ನು ತಾವೇ ಜೋಡಿಸಿ ಎಣಿಸಿ ನೋಡಲಿ.

ಅವನ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಕೆತ್ತಿದ ಬಳಪದ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಿ ನಿಲ್ಲಿಸುವುದು ಹೊಯ್ಸಳರ ಕಾಲದ ಪದ್ಧತಿ. ಇಟ್ಟಿಗೆ ಆಡಿದ ಕೈ ಆ ಗೋಡೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತದೆ.

ಹತ್ತು ಸೆಂಟಿಮೀಟರ್ ಪಟ್ಟಿ

ಅಜ್ಜನ ನಿಜವಾದ ಚಿಂತೆ ಶುರುವಾಗಬೇಕಾದದ್ದು ಹಬ್ಬದ ದಿನ. ಮೂವರೂ ಒಂದೇ ಪಡಸಾಲೆಯಲ್ಲಿ ಕೂತಾಗ ಎಂಟರವನ ಸಣ್ಣ ಇಟ್ಟಿಗೆ ಒಂದೂವರೆಯ ಕೂಸಿನ ಕೈಗೆ ಸಿಗುತ್ತದೆ. ದೊಡ್ಡವರು ಹೋಳಿಗೆ ಬೇಯಿಸುವ ಗಡಿಬಿಡಿಯಲ್ಲಿರುತ್ತಾರೆ.

ಯಾವ ತುಂಡು ಅಪಾಯ? ಶಾಲೆಗೆ ಹೋಗುವ ಮಕ್ಕಳೇ ಅಳೆದು ಹೇಳಬಹುದು. ರಟ್ಟಿನಿಂದ 10 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಉದ್ದವನ್ನು ಸುತ್ತಿ, ತುದಿಗೆ ತುದಿ ತಾಗಿಸಿ, ಹೊರಗಿನಿಂದ ಅಂಟಿಸಿ. ಸುತ್ತಳತೆ 10 ಆದ್ದರಿಂದ ವ್ಯಾಸ 10 ಭಾಗಿಸು 3.14, ಅಂದರೆ ಸುಮಾರು 3.2 ಸೆಂ.ಮೀ. ಆಟಿಕೆ ಪರೀಕ್ಷಿಸುವ ಪ್ರಯೋಗಾಲಯಗಳ ಕೊಳವೆಯ ವ್ಯಾಸವೂ ಹೆಚ್ಚುಕಡಿಮೆ ಇಷ್ಟೇ: 31.7 ಮಿ.ಮೀ. ಈ ಕೊಳವೆಯೊಳಗೆ ಪೂರ್ತಿ ಅಡಗುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು. ಇಟ್ಟಿಗೆಯಷ್ಟೇ ಅಲ್ಲ, ಕಡಲೆಬೀಜ, ಹುಣಸೆಬೀಜ, ಗೋಲಿಯೂ ಅಷ್ಟೇ.

ಮಗುವಿಗೆ ಏನಾದರೂ ಸಿಕ್ಕಿಕೊಂಡು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಅಳಲೂ ಆಗದಿದ್ದರೆ ತಲೆ ತಗ್ಗಿಸಿ ಹಿಡಿದು, ಬೆನ್ನಿನ ಮೇಲ್ಭಾಗದ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ತಟ್ಟಬೇಕು. ಹೊರಬರದಿದ್ದರೆ, ವರ್ಷ ತುಂಬಿದ ಮಗುವನ್ನು ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಎದೆಯ ನಡುವೆ ಒತ್ತಬೇಕು. ಒಬ್ಬರು ಹೀಗೆ ಮಾಡುತ್ತಿರುವಾಗಲೇ ಮತ್ತೊಬ್ಬರು 108ಕ್ಕೆ ಕರೆ ಮಾಡಲಿ. ಕಣ್ಣಿಗೆ ಕಾಣದ್ದನ್ನು ತೆಗೆಯಲು ಬಾಯಿಗೆ ಬೆರಳು ಹಾಕಿದರೆ ಅದು ಇನ್ನೂ ಒಳಕ್ಕೆ ಹೋದೀತು. ಕೆಮ್ಮು ನಿಂತರೂ ಉಸಿರಿನಲ್ಲಿ ಸದ್ದು ಉಳಿದಿದ್ದರೆ ವೈದ್ಯರಲ್ಲಿಗೆ ಹೋಗಿ, ಮಗು ಏನು ಆಡುತ್ತಿತ್ತೆಂದು ಹೇಳಲೇಬೇಕು. ಪ್ಲಾಸ್ಟಿಕ್ ತುಂಡು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಕೊಳ್ಳುವಾಗ ಡಬ್ಬದ ಮೇಲೆ ಐಎಸ್ಐ ಗುರುತು ಇದೆಯೇ ನೋಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಇದು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ಮಾಡಿದವಕ್ಕೆ ವಿನಾಯಿತಿ ಇದೆ.

ಇಷ್ಟು ತಿಳಿದ ಅಜ್ಜ ಮೂರು ಬಗೆಯ ಡಬ್ಬ ಕೊಂಡಾರು. ಹಬ್ಬದ ದಿನ ಎಂಟರವನಿಗೆ ಮಂಚದ ಮೇಲೆ ಜಾಗ, ಕೂಸಿಗೆ ಚಾಪೆಯ ಮೇಲೆ. ಆಟ ಮುಗಿದ ಮೇಲೆ ಸಣ್ಣ ಇಟ್ಟಿಗೆಗಳನ್ನು ಎಣಿಸಿ ಡಬ್ಬಕ್ಕೆ ತುಂಬಿ ಅಟ್ಟದ ಮೇಲಿಡುವ ಜವಾಬ್ದಾರಿ ದೊಡ್ಡ ಮೊಮ್ಮಗನದೇ. ಒಂದು ಕಡಿಮೆ ಬಂದರೂ ಎಲ್ಲರೂ ಮಂಡಿಯೂರಿ ಹುಡುಕಬೇಕು. ಹೋಳಿಗೆ ಆಮೇಲೆ!