ಸ್ಪ್ರಿಂಗ್ ವಾಷರಿನ ಮೇಲಿನ ನಂಬಿಕೆ

ಹಿಟ್ಟಿನ ಗಿರಣಿಯ ಮೋಟಾರಿನಿಂದ ಹಿಡಿದು ಪವರ್ ಟಿಲ್ಲರಿನವರೆಗೆ ಎಲ್ಲಿ ನೋಡಿದರೂ ನಟ್ಟಿನ ಅಡಿಯಲ್ಲೊಂದು ಸ್ಪ್ರಿಂಗ್ ವಾಷರ್ ಇರುತ್ತದೆ. ಒಂದು ಕಡೆ ಸೀಳಿ, ತುದಿಗಳನ್ನು ತುಸು ಮೇಲೆ ಕೆಳಗೆ ತಿರುಚಿದ ಉಕ್ಕಿನ ಬಳೆ. ಅದಿದ್ದರೆ ನಟ್ಟು ಲೂಸಾಗುವುದಿಲ್ಲ ಎಂಬುದು ಗ್ಯಾರೇಜುಗಳಲ್ಲಿ ಯಾರೂ ಪ್ರಶ್ನಿಸದ ಮಾತು. ಆದರೆ ಅಮೆರಿಕದ ನಾಸಾ 1990ರಲ್ಲಿ ಹೊರತಂದ ನಟ್ಟು-ಬೋಲ್ಟುಗಳ ಕೈಪಿಡಿ, ಬಿಗಿ ಉಳಿಸುವ ಕೆಲಸಕ್ಕೆ ಈ ವಾಷರ್ ನಿಷ್ಪ್ರಯೋಜಕ ಎಂದು ನೇರವಾಗಿ ಬರೆದುಬಿಟ್ಟಿದೆ. ಪೂರ್ತಿ ಬಿಗಿದ ಕೂಡಲೇ ಅದು ಚಪ್ಪಟೆಯಾಗುತ್ತದೆ. ಆಮೇಲೆ ಅದಕ್ಕೂ ಮಾಮೂಲಿ ವಾಷರಿಗೂ ಏನು ವ್ಯತ್ಯಾಸ?

ನಟ್ಟನ್ನು ನಿಜವಾಗಿ ಹಿಡಿದಿಡುವುದು ಬೋಲ್ಟಿನ ಹಿಗ್ಗು. ಸ್ಪಾನರ್ ಹಾಕಿ ನಾವು ತಿರುಗಿಸುವ ಶ್ರಮದಲ್ಲಿ ಸುಮಾರು ಶೇ. 90ರಷ್ಟು ಘರ್ಷಣೆಯಲ್ಲೇ ಖರ್ಚಾಗುತ್ತದೆ. ಮಿಕ್ಕ ಹತ್ತರಲ್ಲಿ ಬೋಲ್ಟು ಕೂದಲೆಳೆಯಷ್ಟು ಉದ್ದವಾಗುತ್ತದೆ. ಮರಳಿ ಕುಗ್ಗಲು ಹವಣಿಸುವ ಆ ಉಕ್ಕೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಐದು ಸೆಂಟಿಮೀಟರ್ ಉದ್ದದ ಒಳ್ಳೆಯ ಬೋಲ್ಟು ಸರಿಯಾಗಿ ಬಿಗಿದಾಗ ಹಿಗ್ಗುವುದು ಹೆಚ್ಚೆಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ವಾಷರಿನ ಕೆಳಗೆ ಬಣ್ಣದ ಪದರವೋ ತುಕ್ಕೋ ಸಿಕ್ಕಿಕೊಂಡಿದ್ದು, ಯಂತ್ರ ಓಡುತ್ತ ಓಡುತ್ತ ಅದು ನಲುಗಿ ತೆಳುವಾದರೆ ಈ ಹಿಗ್ಗಿನ ದೊಡ್ಡ ಪಾಲು ಅಲ್ಲೇ ಕರಗಿಹೋಗುತ್ತದೆ. ನಟ್ಟು ಒಂದಿಷ್ಟೂ ತಿರುಗಿರುವುದಿಲ್ಲ, ಬಿಗಿ ಮಾತ್ರ ಹೋಗಿರುತ್ತದೆ. ಚಕ್ರ ಬದಲಾಯಿಸಿದ ಲಾರಿಯ ನಟ್ಟುಗಳನ್ನು ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು ಎನ್ನುವ ಹಳೆಯ ಡ್ರೈವರುಗಳ ಮಾತಿಗೆ ಇದೇ ಆಧಾರ.

ತಿರುಗಿ ಸಡಿಲಾಗುವುದರ ಕಥೆ ಬೇರೆ. ಅದನ್ನು ಬಿಡಿಸಿಟ್ಟವನು ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರು, 1969ರಲ್ಲಿ. ಬೋಲ್ಟಿನ ಉದ್ದಕ್ಕೆ ಬೀಳುವ ಅದುರಾಟಕ್ಕಿಂತ, ಜೋಡಿಸಿದ ಭಾಗಗಳು ಅಡ್ಡಡ್ಡ ಜಾರಾಡುವುದೇ ದೊಡ್ಡ ಶತ್ರು ಎಂದು ಯಂತ್ರ ಕಟ್ಟಿ ತೋರಿಸಿದ. ಓರೆಯಾಗಿಟ್ಟ ಹಲಗೆಯ ಮೇಲಿನ ಟ್ರಂಕು ತಾನಾಗಿ ಜಾರುವುದಿಲ್ಲ. ಪಕ್ಕಕ್ಕೆ ಅಲ್ಲಾಡಿಸುತ್ತ ಹೋದರೆ, ಯಾರೂ ಕೆಳಕ್ಕೆ ತಳ್ಳದಿದ್ದರೂ ಇಳಿಯುತ್ತದೆ. ಬೋಲ್ಟಿನ ಥ್ರೆಡ್ಡೆಂದರೆ ಕಂಬಕ್ಕೆ ಸುತ್ತಿದ ಅಂಥದೇ ಇಳಿಜಾರು. ಯುಂಕರನ ಹೆಸರಿನ ಪರೀಕ್ಷೆ ಇಂದಿಗೂ ಚಾಲ್ತಿಯಲ್ಲಿದೆ. ಅದರಲ್ಲಿ ಸ್ಪ್ರಿಂಗ್ ವಾಷರಿನ ಜೋಡಣೆ ನೋಡುನೋಡುತ್ತಿದ್ದಂತೆ ಬಿಚ್ಚಿಕೊಳ್ಳುತ್ತದೆ.

ಮೊದಲ ಔಷಧಿ ಹಾಗಾದರೆ ಸಾಕಷ್ಟು ಬಿಗಿ. ಜಾರಲು ಬಿಡದಷ್ಟು ಒತ್ತಿ ಹಿಡಿದರೆ ಬೇರೇನೂ ಬೇಡ. ಕಾರಿನ ಸಿಲಿಂಡರ್ ಹೆಡ್ಡಿನ ಬೋಲ್ಟುಗಳಡಿ ಸ್ಪ್ರಿಂಗ್ ವಾಷರ್ ಇಲ್ಲದಿರುವುದನ್ನು ನೋಡಿ. ಅಷ್ಟು ಬಿಗಿಯಲಾಗದ ಕಡೆಗಳಿಗೆ ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟಿದೆ, ಥ್ರೆಡ್ಡಿಗೆ ಸವರುವ ಲಾಕ್ಟೈಟ್ ಇದೆ. ಗಾಳಿ ತಗಲದ ಕಡೆಯಲ್ಲೇ ಗಟ್ಟಿಯಾಗುವ ಆ ಅಂಟು 1950ರ ದಶಕದಲ್ಲಿ ವರ್ನನ್ ಕ್ರೀಬಲ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಕೊಟ್ಟದ್ದು. ಚೆಕ್‌ನಟ್ಟೂ ಒಳ್ಳೆಯದೇ, ನಮ್ಮವರು ಅದನ್ನು ತಲೆಕೆಳಗು ಹಾಕದಿದ್ದರೆ. ತೆಳು ನಟ್ಟು ಕೆಳಗಿರಬೇಕು, ದಪ್ಪದ್ದು ಮೇಲೆ. ಸ್ಪ್ಲಿಟ್ ಪಿನ್ ಬಿಗಿಯನ್ನು ಉಳಿಸುವುದಿಲ್ಲ, ನಟ್ಟು ಕಳಚಿ ಬೀಳದಂತೆ ತಡೆಯುತ್ತದೆ, ಅಷ್ಟೇ. ಸೀಲಿಂಗ್ ಫ್ಯಾನಿನ ಕೆಳಗೆ ಮಲಗುವವರಿಗೆ ಅದೇನೂ ಸಣ್ಣ ಉಪಕಾರವಲ್ಲ.

ಇಷ್ಟೆಲ್ಲ ಗೊತ್ತಾಗಿ ಅರ್ಧ ಶತಮಾನ ಕಳೆದರೂ ಸ್ಪ್ರಿಂಗ್ ವಾಷರಿಗೆ ಬೇಡಿಕೆ ತಗ್ಗಿಲ್ಲ. ನನಗೆ ತೋರುವ ಕಾರಣ, ವಾಷರ್ ಕಣ್ಣಿಗೆ ಕಾಣುತ್ತದೆ, ಬೋಲ್ಟಿನ ಒಳಗಿನ ಎಳೆತ ಕಾಣುವುದಿಲ್ಲ. ಹಾಕಿದ್ದೇವೆ ಎಂದು ಮಾಲೀಕನಿಗೆ ಬೆರಳಿಟ್ಟು ತೋರಿಸಬಹುದು. ನಟ್ಟಿಗೂ ಬೋಲ್ಟಿಗೂ ಸೇರಿಸಿ ಬಣ್ಣದಲ್ಲಿ ಎಳೆಯುವ ಒಂದು ಗೆರೆ ಇದಕ್ಕಿಂತ ಪ್ರಾಮಾಣಿಕ. ತಾನು ತಡೆಯುತ್ತೇನೆಂದು ಅದು ಹೇಳಿಕೊಳ್ಳುವುದಿಲ್ಲ. ನಟ್ಟು ತಿರುಗಿದರೆ ಗೆರೆ ಮುರಿದು ಕಾಣುತ್ತದೆ.

ಕಾಣುವುದನ್ನಷ್ಟೇ ನಂಬುವುದು ವಿಮಾನದಲ್ಲಿ ಎಷ್ಟು ದುಬಾರಿ ಎಂಬುದಕ್ಕೆ 2007ರ ಆಗಸ್ಟ್ 20ರ ಘಟನೆ ಇದೆ. ಜಪಾನಿನ ಒಕಿನಾವಾ ದ್ವೀಪದ ನಾಹಾದಲ್ಲಿ ಇಳಿದು ನಿಂತ ಚೈನಾ ಏರ್‌ಲೈನ್ಸಿನ ಬೋಯಿಂಗ್ 737ಕ್ಕೆ ಬೆಂಕಿ ಹತ್ತಿತು. ಒಳಗಿದ್ದ 165 ಜನರೂ ಪಾರಾದರು, ವಿಮಾನ ಸುಟ್ಟುಹೋಯಿತು. ರೆಕ್ಕೆಯ ಮುಂದಿನ ಅಂಚಿನಲ್ಲಿ ಚಾಚಿಕೊಳ್ಳುವ ಸ್ಲ್ಯಾಟ್ ಎಂಬ ಫಲಕದ ಒಂದು ಬೋಲ್ಟು ಕಳಚಿ, ಸ್ಲ್ಯಾಟು ಒಳಸರಿಯುವಾಗ ಇಂಧನದ ಟ್ಯಾಂಕಿಗೆ ಚುಚ್ಚಿಕೊಂಡಿತ್ತು. ಈ ಜಾಗದ ನಟ್ಟು ಸಡಿಲಾಗಬಹುದೆಂದು ತಯಾರಕರು ಮೊದಲೇ ಎಚ್ಚರಿಸಿದ್ದರು. ಅದರಂತೆ ಸುಮಾರು ಆರು ವಾರ ಹಿಂದಷ್ಟೇ ರಿಪೇರಿಯೂ ಆಗಿತ್ತು. ತನಿಖೆ ಮಾಡಿದವರಿಗೆ ಸಿಕ್ಕ ಬೋಲ್ಟಿನ ತುದಿಯಲ್ಲಿ ನಟ್ಟು ಭದ್ರವಾಗಿಯೇ ಇತ್ತು. ಇಲ್ಲದಿದ್ದದ್ದು ವಾಷರ್. ರಿಪೇರಿಯ ವೇಳೆ ಅದು ಬಿದ್ದುಹೋಗಿತ್ತು. ಬೋಲ್ಟು ಕೂರುವ ರಂಧ್ರ ನಟ್ಟಿಗಿಂತ ದೊಡ್ಡದಾದ್ದರಿಂದ ನಟ್ಟೂ ಬೋಲ್ಟೂ ಒಟ್ಟಿಗೇ ಆ ತೂತಿನಿಂದ ನುಸುಳಿ ಹೊರಬಂದಿದ್ದವು.