ತೋಪನ್ನು ಅದರ ಪಾಡಿಗೆ ಬಿಟ್ಟರೆ ಸಾಕೇ?

"ಕಾಡನ್ನು ಅದರ ಪಾಡಿಗೆ ಬಿಟ್ಟುಬಿಡಿ, ತಾನೇ ಸರಿಹೋಗುತ್ತೆ." ಪರಿಸರದ ಬಗ್ಗೆ ಕಾಳಜಿ ಇರುವ ಗೆಳೆಯರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳೋಕೆ ಚೆನ್ನಾಗಿದೆ. ಖರ್ಚೂ ಇಲ್ಲ! ಆದರೆ ನಮ್ಮ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪನ್ನು ನೋಡಿದ ಮೇಲೆ ಈ ಮಾತನ್ನು ಒಪ್ಪೋದು ನನಗೆ ಕಷ್ಟವಾಗಿದೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ದೇವನಹಳ್ಳಿಯಿಂದ ಸೂಲಿಬೆಲೆ ಕಡೆ ಹೋಗುವಾಗ ಸಿಗುವ ಈ ತೋಪು ಸುಮಾರು 54 ಎಕರೆ. ಹತ್ತಿರ ಹತ್ತಿರ ಮುನ್ನೂರು ಹುಣಸೆ ಮರಗಳು, ಕೆಲವಂತೂ ನೂರಾರು ವರ್ಷ ಹಳೆಯವು. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ದೇಶದಲ್ಲೇ ಮೊದಲನೆಯದು. ವಿಮಾನ ನಿಲ್ದಾಣಕ್ಕೆ ದಿನಾ ಓಡಾಡುವ ಎಷ್ಟು ಜನ ಇದನ್ನು ನೋಡಿದ್ದಾರೋ!

ಹೋದವರೆಲ್ಲ ತಲೆ ಎತ್ತಿ ಮರ ನೋಡುತ್ತಾರೆ, ಟೊಳ್ಳಾದ ಬುಡದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಹೇಳೋದು, ಸ್ವಲ್ಪ ನೆಲ ನೋಡಿ. ಬಯಲುಸೀಮೆ ತೋಪಿನ ನೆಲ ಅಂದರೆ ಗರಿಕೆ, ತುಂಬೆ, ನೆಲನೆಲ್ಲಿ, ಉತ್ತರಾಣಿ, ಮಳೆ ಬಿದ್ದ ಮೇಲೆ ಅಣ್ಣೆ ಸೊಪ್ಪು. ನಮ್ಮ ಕಡೆ ಹೆಂಗಸರು ಇಂಥ ಕಡೆಯೇ ಬೆರಕೆ ಸೊಪ್ಪು ಕಿತ್ತು ತಂದು ಮಸ್ಸೊಪ್ಪು ಮಾಡುತ್ತಿದ್ದರು. (ಬಿಸಿ ಮುದ್ದೆ ಜೊತೆ ಅದರ ರುಚಿ ಇನ್ನೊಂದು ದಿನ ಬರೀತೀನಿ.) ನಾನು ನೋಡಿದಾಗ ಈ ಗಿಡಗಳ ಜಾಗದಲ್ಲಿ ಇದ್ದಿದ್ದು ಬಹುಪಾಲು ಲಂಟಾನ. ಎದೆಮಟ್ಟ. ಹುಣಸೆ ಮರದಲ್ಲಿ ದೆವ್ವ ಇರುತ್ತೆ ಅಂತಾರಲ್ಲ, ಇಲ್ಲಿ ದೆವ್ವ ಮರದ ಬುಡದಲ್ಲಿತ್ತು :-) ಹುಡುಕಿದರೂ ನನ್ನ ಕಣ್ಣಿಗೆ ಹೊಸ ಹುಣಸೆ ಸಸಿ ಒಂದೂ ಬೀಳಲಿಲ್ಲ.

"ಅದರ ಪಾಡಿಗೆ ಬಿಡಿ" ಅನ್ನೋ ಮಾತು ಸುಳ್ಳಲ್ಲ. ಅದು ಬೇರೆ ಊರಿನ ನಿಜ. ಅದೇ 2007ರಲ್ಲಿ ಯುನೆಸ್ಕೋ ಸ್ಲೊವಾಕಿಯಾ ಮತ್ತು ಉಕ್ರೇನಿನ ಕಾರ್ಪೇಥಿಯನ್ ಬೆಟ್ಟಗಳ ಹಳೆಯ ಬೀಚ್ ಕಾಡುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೀಚ್ ಮರದ ನೆರಳು ಬಹಳ ಗಾಢ. ಕಡಿಯೋದು ನಿಲ್ಲಿಸಿದರೆ ಮೇಲಿನ ಚಪ್ಪರ ಮುಚ್ಚಿಕೊಳ್ಳುತ್ತೆ, ಬಿಸಿಲು ಬೇಡುವ ನೆಲದ ಗಿಡಗಳು ಕಡಿಮೆಯಾಗುತ್ತವೆ. ವಸಂತದಲ್ಲಿ ಮರ ಎಲೆ ಬಿಡುವ ಮುಂಚೆ ಅವಸರವಾಗಿ ಹೂಬಿಟ್ಟು ಮುಗಿಸುವ ಗಿಡಗಳು, ನೆರಳು ತಾಳುವ ಗಿಡಗಳು ಉಳಿಯುತ್ತವೆ. ಬಿದ್ದು ಕೊಳೆಯುವ ಮರಗಳ ಮೇಲೆ ಪಾಚಿ, ಅಣಬೆ, ಜೀರುಂಡೆಗಳು ಹೆಚ್ಚುತ್ತವೆ. ಮುದಿ ಮರವೊಂದು ಉರುಳಿದಾಗ ಆ ಕಿಂಡಿಯಲ್ಲಿ ಬಿಸಿಲು ಬಿದ್ದು ಮತ್ತೆ ಹೊಸ ಸಸಿಗಳು ಏಳುತ್ತವೆ. ಅಲ್ಲಿ ನೆರಳೇ ಕಾವಲುಗಾರ.

ನಮ್ಮ ತೋಪಿನಲ್ಲಿ ಆ ಕಾವಲುಗಾರ ಇಲ್ಲ. ಹುಣಸೆ ಮರಗಳು ದೂರ ದೂರ, ಎಲೆಯೂ ಸಣ್ಣದು, ನಡುವೆ ಬಿಸಿಲು ಧಾರಾಳ. ಇಂಥ ತೋಪುಗಳನ್ನು ಕಾಯ್ದದ್ದು ದನ-ಕುರಿಗಳ ಬಾಯಿ, ಹಣ್ಣು ಉದುರಿಸಲು ಬರುವವರ ಕಾಲು, ಸೌದೆ ಆಯುವವರ ಕೈ. ಅವು ನಿಂತರೆ ಹುಲ್ಲು ಬರಲ್ಲ, ಲಂಟಾನ ಬರುತ್ತೆ. ಅಮೆರಿಕ ಖಂಡದ ಈ ಗಿಡ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಚಂದಕ್ಕೆಂದು ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂದದ್ದು. ಎಲೆ ವಿಷ, ದನ ಮುಟ್ಟಲ್ಲ. ಹಣ್ಣು ಸಿಹಿ, ಪಿಕಳಾರಗಳಿಗೆ ಹಬ್ಬ. ಒಣಗಿದ ಮೇಲೆ ಬೆಂಕಿ ಬಿದ್ದರೆ ಮರದ ಕೊಂಬೆಯವರೆಗೂ ಏರುತ್ತೆ.

ಬಿಳಿಗಿರಿರಂಗನ ಬೆಟ್ಟದ ಕಥೆ ಇದಕ್ಕಿಂತ ದೊಡ್ಡದು. ಸೋಲಿಗರು ಬೇಸಿಗೆ ಬಲಿಯುವ ಮುಂಚೆ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದಕ್ಕೆ ತಡೆ ಬಿತ್ತು. ಸಂಶೋಧಕರು 1997ರಲ್ಲಿ ನೋಡಿದಾಗ ನೂರು ತಾಕುಗಳಲ್ಲಿ ಸುಮಾರು 40ರಲ್ಲಿ ಲಂಟಾನ ಇತ್ತು, 2008ರಲ್ಲಿ ಸುಮಾರು 80ರಲ್ಲಿ. ಬೆಂಕಿ ನಿಂತದ್ದೇ ಕಾರಣ ಅಂತ ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ಅದೊಂದೇ ಕಾರಣ ಅಂತ ನಾನು ಹೇಳಲ್ಲ, ಆದರೆ ಅವರನ್ನು ಕೇಳದೆ ನಿಲ್ಲಿಸಿದ್ದು ಸರಿಯಲ್ಲ ಅಂತಂತೂ ಹೇಳ್ತೀನಿ.

ನಲ್ಲೂರಿನಲ್ಲಿ ಬೆಂಕಿ ಹಾಕಿ ಅಂತ ನಾನು ಹೇಳ್ತಿಲ್ಲ, ಆ ಮುದಿ ಮರಗಳ ನಡುವೆ ಅದು ಹುಚ್ಚುತನ. ಕಿತ್ತು ಹಾಕಿ, ಅಷ್ಟೇ. ಜೆಸಿಬಿ ತಂದು ಬೇರೆಲ್ಲ ಹರಿಯೋದೂ ಬೇಡ. ಮೇಲೆ ಸವರಿದರೆ ನಾಲ್ಕು ಪಟ್ಟು ಚಿಗುರುತ್ತೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರು ತೋರಿಸಿದ ಸರಳ ದಾರಿ ಇದೆ: ಮಣ್ಣಿನ ಸ್ವಲ್ಪ ಕೆಳಗೆ ತಾಯಿಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿ ಇಡೋದು. ಅದಕ್ಕೆ ಗುದ್ದಲಿ ಸಾಕು, ಗುದ್ದಲಿ ಹಿಡಿಯುವವರು ಊರಲ್ಲೇ ಇದ್ದಾರೆ. ಆ ಹೋಬಳಿಯ 1,777 ಎಕರೆ ಭೂಸ್ವಾಧೀನ ಕೈಬಿಡುವುದಾಗಿ 2025ರ ಜುಲೈನಲ್ಲಿ ಸರ್ಕಾರ ಹೇಳಿತಲ್ಲ, ಹೊಲ ಉಳಿದರೆ ದನವೂ ಉಳಿಯುತ್ತೆ. ಎಳೆ ಸಸಿಗಳಿಗೆ ಬೇಲಿ ಕಟ್ಟಿ, ಮಿಕ್ಕ ಜಾಗದಲ್ಲಿ ಲೆಕ್ಕವಾಗಿ ದನ ಬಿಡಿ, ಸೊಪ್ಪು ಕೀಳುವವರನ್ನು ಒಳಗೆ ಬಿಡಿ.

ಇದು ಒಂದು ವರ್ಷದ ಕೆಲಸವಲ್ಲ. ಒಂದು ಸಲ ಕಿತ್ತು, ರಿಬ್ಬನ್ ಕತ್ತರಿಸಿ ಹೋದರೆ ಮುಂದಿನ ಮಳೆಗೆ ಮತ್ತೆ ಮೊಳಕೆ. ಪಿಕಳಾರ ಕೂರೋದೇ ಹುಣಸೆ ಕೊಂಬೆ ಮೇಲೆ, ಬೀಜ ಬೀಳೋದೇ ಅದರ ಬುಡಕ್ಕೆ. ಮಳೆಗಾಲ ಶುರುವಾದ ಮೇಲೆ ಮೊದಲು ನೋಡಬೇಕಾದ ಜಾಗ ಅದೇ.