ಮನೆಯ ಫೋನು ಮನೆಯಲ್ಲಿರುವವರದು

ನಮ್ಮಲ್ಲಿ ಮಿಕ್ಸಿ ಕೊಳ್ಳುವಾಗ ಹೆಂಗಸರನ್ನು ಕೇಳುತ್ತಾರೆ, ಕುಕ್ಕರ್ ಕೊಳ್ಳುವಾಗ ಕೇಳುತ್ತಾರೆ, ಪರದೆಯ ಬಣ್ಣವನ್ನಂತೂ ಕೇಳಿಯೇ ಕೇಳುತ್ತಾರೆ. ಆದರೆ ಮನೆಯಲ್ಲಿ ಯಾವ ಫೋನು ಇರಬೇಕೆಂಬುದನ್ನು ಮಾತ್ರ ಗಂಡಸರು ಗೇಟಿನ ಬಳಿ ನಿಂತೇ ತೀರ್ಮಾನಿಸಿಬಿಡುತ್ತಾರೆ. ಹಾಗೆ ತೀರ್ಮಾನಿಸುವವರ ಜೇಬಿನಲ್ಲಿ ಮೊಬೈಲು ಸದಾ ಇರುತ್ತದೆ. ಹಜಾರದ ಮೂಲೆಯ ಫೋನನ್ನು ನಂಬಿ ಕೂತವರು ಬೇರೆಯೇ ಜನ. ಕಣ್ಣು ಮಂಜಾದ ಅತ್ತೆ, ಶಾಲೆಯಿಂದ ಬೇಗ ಬಂದ ಮಗು, ಹಗಲೆಲ್ಲ ಒಬ್ಬಳೇ ಇರುವ ಬಾಣಂತಿ. ಅವರನ್ನು ಯಾರೂ ಕೇಳುವುದಿಲ್ಲ. ನನ್ನ ತಕರಾರು ಇಷ್ಟೇ.

ಈಗ ಊರೂರಿಗೂ ಫೈಬರ್ ಇಂಟರ್‌ನೆಟ್ ಬಂದಿದೆ. ಜೊತೆಗೆ 'ಲ್ಯಾಂಡ್‌ಲೈನ್ ಫ್ರೀ' ಎಂಬ ಆಸೆ ಬೇರೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಕಳೆದ ವರ್ಷ ನಮ್ಮ ಮನೆಗೂ ಒಂದು ಕಂಪನಿಯ ಹುಡುಗ ಬಂದ. "ಸಾರ್, ಹಳೇ ಫೋನ್ ಸರೆಂಡರ್ ಮಾಡಿಬಿಡಿ, ಎರಡೆರಡು ಬಿಲ್ ಯಾಕೆ?" ಎಂದ. ನಮ್ಮವರು ತಲೆಯಾಡಿಸುತ್ತಿದ್ದರು. ನಾನು ಕೈ ಒರೆಸಿಕೊಂಡು ಹೊರಗೆ ಬಂದು, "ಕರೆಂಟು ಹೋದರೆ ನಿನ್ನ ಫೋನು ನಡೆಯುತ್ತದೇನಪ್ಪ?" ಎಂದು ಕೇಳಿದೆ. "ಮೊಬೈಲ್ ಇದೆಯಲ್ಲ ಮೇಡಂ" ಎಂದು ನಕ್ಕ. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ. ತರಗತಿಯಲ್ಲಿ ಯಾವ ಹುಡುಗನಾದರೂ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಉತ್ತರವನ್ನು ನಾನೇ ಹೇಳುತ್ತೇನೆ. ತಾಮ್ರದ ತಂತಿಯ ಹಳೆಯ ಫೋನಿಗೆ ನಮ್ಮ ಮನೆಯ ಕರೆಂಟು ಬೇಕಿಲ್ಲ. ಮಾತು ಹರಿಯುವ ಆ ತಂತಿಯಲ್ಲೇ ಎಕ್ಸ್‌ಚೇಂಜಿನಿಂದ ಸುಮಾರು 48 ವೋಲ್ಟ್ ವಿದ್ಯುತ್ತೂ ಬರುತ್ತದೆ. ಅಲ್ಲಿ ಬ್ಯಾಟರಿಗಳ ಸಾಲಿರುತ್ತದೆ. ಊರೆಲ್ಲ ಕತ್ತಲಾದಾಗಲೂ ರಿಸೀವರ್ ಎತ್ತಿದರೆ 'ಗುಂಯ್' ಎನ್ನುತ್ತಿದ್ದುದು ಈ ಕಾರಣಕ್ಕೆ.

ಇಂಟರ್‌ನೆಟ್ ಫೋನಿನ ಕಥೆ ಬೇರೆ. ಅಲ್ಲಿ ಅಡಾಪ್ಟರ್ ಎಂಬ ಯಂತ್ರ ನಮ್ಮ ಮಾತನ್ನು ಅಂಕಿಗಳ ತುಣುಕುಗಳಾಗಿ ಮಾಡಿ ಇಂಟರ್‌ನೆಟ್ಟಿನ ಮೂಲಕ ಕಳಿಸುತ್ತದೆ. ಇದು ಬೇರೆ ಡಬ್ಬಿಯಾಗಿಯೂ ಸಿಗುತ್ತದೆ. ಈಗ ಹೆಚ್ಚಾಗಿ ಫೈಬರಿನ ವೈಫೈ ಡಬ್ಬಿಯೊಳಗೇ ಇರುತ್ತದೆ. ಡಬ್ಬಿಯ ಹಿಂದೆ ಫೋನಿನ ವಯರು ಸಿಕ್ಕಿಸುವ ಜಾಗವಿದೆಯಲ್ಲ, ಅದೇ. ಈ ಡಬ್ಬಿಗೆ ಕರೆಂಟೂ ಬೇಕು, ಇಂಟರ್‌ನೆಟ್ಟೂ ಬೇಕು. ಎರಡರಲ್ಲಿ ಒಂದು ಕೈಕೊಟ್ಟರೂ ಫೋನು ಬರೀ ಗೊಂಬೆ. ಹೀಗಿರುವಾಗ ಎರಡಕ್ಕೂ 'ಲ್ಯಾಂಡ್‌ಲೈನ್' ಎಂಬ ಒಂದೇ ಹೆಸರಿಟ್ಟು ಮಾರುವುದು, ಡಾಲ್ಡಾವನ್ನು ತುಪ್ಪದ ಡಬ್ಬಿಯಲ್ಲಿ ತುಂಬಿ ಮಾರಿದಂತೆ. ಡಾಲ್ಡಾ ತಿನ್ನಬಾರದೆಂದಲ್ಲ, ಹೆಸರು ಹೇಳಿ ಮಾರಲಿ.

ಹೊಸದನ್ನು ಕಂಡರೆ ಆಗದ ಹಳೇ ಕಾಲದ ಮೇಷ್ಟ್ರಮ್ಮ ಎಂದುಕೊಳ್ಳಬೇಡಿ. ಇಂಟರ್‌ನೆಟ್ ಫೋನಿನಲ್ಲಿ ದನಿ ಸ್ಪಷ್ಟ, ಖರ್ಚು ಕಡಿಮೆ. ಹಳೆಯದು ದೋಷವಿಲ್ಲದ್ದು ಎಂದೂ ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು, ಹದಿನೈದು ದಿನ ಲೈನ್‌ಮನ್ನಿನ ದಾರಿ ಕಾದದ್ದು ನಮ್ಮ ಮಲೆನಾಡಿನವರಿಗೆ ಮರೆಯುವಂಥದ್ದಲ್ಲ. ಆದರೆ ಫೈಬರಿನ ಎಳೆಯೂ ಅದೇ ಮರಗಳ ಕೆಳಗೇ ಬರುತ್ತದೆ. ಮರ ಬಿದ್ದರೆ ಎರಡೂ ಸಮ. ಬರೀ ಕರೆಂಟು ಹೋದರೆ? ಆಗ ಸಮವಲ್ಲ. ಮೊಬೈಲಿದೆ ಎನ್ನುವವರು ಇನ್ನೊಂದನ್ನು ನೆನೆಯಬೇಕು. ಕರೆಂಟು ಬಹಳ ಹೊತ್ತು ಬಾರದಿದ್ದರೆ ಟವರಿನ ಬ್ಯಾಟರಿಯೂ ಬರಿದಾಗುತ್ತದೆ. ಅದಿರಲಿ, ಎಂಬತ್ತು ದಾಟಿದ ನಮ್ಮತ್ತೆಯವರ ನಡುಗುವ ಬೆರಳಿಗೆ ಆ ನುಣ್ಣನೆಯ ಗಾಜಿನ ಮೇಲೆ 108 ಒತ್ತುವುದು ಸಾಧ್ಯವೇ? ದಪ್ಪ ಗುಂಡಿಯ ಫೋನಾದರೆ ಕಣ್ಣು ಮುಚ್ಚಿ ಒತ್ತುತ್ತಾರೆ.

ಇದು ನಮ್ಮೊಬ್ಬರ ಗೋಳೂ ಅಲ್ಲ. ಬ್ರಿಟನ್ನಿನಲ್ಲಿ ಹಳೆಯ ಫೋನು ಜಾಲವನ್ನೇ ಮುಚ್ಚಿ ಎಲ್ಲರನ್ನೂ ಇಂಟರ್‌ನೆಟ್ ಫೋನಿಗೆ ಸಾಗಿಸಲು ಹೊರಟರು. ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2018ರಲ್ಲೇ ಒಂದು ಮಾತು ಹೇಳಿತ್ತು: ಕರೆಂಟು ಹೋದಾಗಲೂ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡುವ ವ್ಯವಸ್ಥೆ ಇರಬೇಕು, ಲ್ಯಾಂಡ್‌ಲೈನನ್ನೇ ನಂಬಿರುವವರಿಗೆ ಅದನ್ನು ಉಚಿತವಾಗಿ ಕೊಡಬೇಕು ಎಂದು. ಆದರೂ ಒಂಟಿ ವೃದ್ಧರು ಆಪತ್ತಿನಲ್ಲಿ ಒತ್ತುವ ಅಲಾರಂಗಳು ಕೆಲಸ ಮಾಡದ ಗಂಭೀರ ಪ್ರಸಂಗಗಳು ನಡೆದವು. 2023ರ ಡಿಸೆಂಬರಿನಲ್ಲಿ ಕಂಪನಿಗಳು ಬಲವಂತದ ಬದಲಾವಣೆಯನ್ನು ನಿಲ್ಲಿಸಬೇಕಾಯಿತು. 2025ರ ಕೊನೆಗೆಂದಿದ್ದ ಗಡುವನ್ನು 2027ರ ಜನವರಿಗೆ ಮುಂದೂಡಿದರು. ನಮಗಿಂತ ಕರೆಂಟು ಕಡಿಮೆ ಹೋಗುವ ದೇಶದಲ್ಲೇ ಇಷ್ಟು ಯೋಚನೆಯಾದರೆ, ನಾವು ಎಷ್ಟು ಯೋಚಿಸಬೇಡ?

ಆದ್ದರಿಂದ ನಾನು ಹೇಳುವುದಿಷ್ಟು. ನಿಮ್ಮ ಊರಿನಲ್ಲಿ ತಾಮ್ರದ ಲೈನು ಇನ್ನೂ ಸರಿಯಾಗಿ ನಡೆಯುತ್ತಿದ್ದರೆ, ಮನೆಯಲ್ಲಿ ವಯಸ್ಸಾದವರಿದ್ದರೆ, ಅದನ್ನು ಬಿಡಬೇಡಿ. ಇಂಟರ್‌ನೆಟ್ ಫೋನು ಅದರ ಜೊತೆಗಿರಲಿ, ಅದರ ಬದಲಿಗಲ್ಲ. ನಮ್ಮ ಮನೆಯ ಹಳೇ ಫೋನಿನ ಬಿಲ್ಲು ತಿಂಗಳಿಗೆ 300 ರೂಪಾಯಿ ದಾಟುವುದಿಲ್ಲ. ಒಂದು ಸಂಜೆಯ ಹೋಟೆಲ್ ಖರ್ಚು ಅಷ್ಟಾಗುತ್ತದೆ. ಕಾರ್ಡ್‌ಲೆಸ್ ಇಟ್ಟುಕೊಂಡವರು ಒಂದು ಸಾದಾ ಫೋನನ್ನೂ ಇಟ್ಟಿರಬೇಕು. ಕಾರ್ಡ್‌ಲೆಸ್ ಕೂರುವ ಪೀಠಕ್ಕೆ ಮನೆಯ ಕರೆಂಟೇ ಬೇಕು.

ಎಷ್ಟೋ ಊರುಗಳಲ್ಲಿ ತಾಮ್ರದ ಲೈನು ಉಳಿದೇ ಇಲ್ಲ. ಅಂಥ ಕಡೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ವೈಫೈ ಡಬ್ಬಿಯ ಪ್ಲಗ್ಗನ್ನು ಇನ್ವರ್ಟರಿನ ಲೈನಿಗೆ ಹಾಕಿಸಿ. ದೀಪ, ಫ್ಯಾನುಗಳಿಗೆ ಇನ್ವರ್ಟರ್ ಕೊಟ್ಟು ಫೋನನ್ನು ಮರೆತ ಮನೆಗಳೇ ಹೆಚ್ಚು. ಇನ್ವರ್ಟರ್ ಇಲ್ಲವೇ? ಡಬ್ಬಿಗೆಂದೇ ಸಣ್ಣ ಬ್ಯಾಟರಿ ಪೆಟ್ಟಿಗೆಗಳು ಅಂಗಡಿಯಲ್ಲಿ ಸಿಗುತ್ತವೆ. ಕೇಬಲ್ಲಿನವರ ಕಚೇರಿಯಲ್ಲೂ ಬ್ಯಾಟರಿ ಇದೆಯೇ ಎಂದು ವಿಚಾರಿಸಿ. ಅಲ್ಲಿ ಕತ್ತಲಾದರೆ ನಮ್ಮ ಬ್ಯಾಟರಿಯಿಂದ ಏನೂ ಉಪಯೋಗವಿಲ್ಲ.

ಇನ್ನು ಮುಂದೆ ಕಂಪನಿಯ ಹುಡುಗ ಬಂದಾಗ ಅವನನ್ನು ಗೇಟಿನಲ್ಲೇ ಮಾತಾಡಿಸಿ ಕಳಿಸಬೇಡಿ. ಒಳಗೆ ಕರೆದು ಕೂರಿಸಿ, ಕಾಫಿ ಕೊಡಿ. ಫೋನು ಜೋಡಿಸಿದ ಮೇಲೆ ಮೇನ್ ಸ್ವಿಚ್ ಆರಿಸಿ, "ಈಗ ಒಂದು ಕರೆ ಮಾಡಿ ತೋರಿಸಪ್ಪ" ಎನ್ನಿ. ಮಾಡಿ ತೋರಿಸಿದರೆ ಸಂತೋಷ. ತೋರಿಸದಿದ್ದರೆ ಹಳೇ ಫೋನಿನ ಸರೆಂಡರ್ ಅರ್ಜಿಗೆ ಯಜಮಾನರು ರುಜು ಹಾಕದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.